ಪಾಚಿಯ ವಿರುದ್ಧ ಕಾರ್ಯದರ್ಶಿಯ ಹೋರಾಟ

ಸಾಹೇಬರ ಕೋಣೆಯ ಉಪ್ಪುನೀರಿನ ಮೀನು ತೊಟ್ಟಿಗೆ ಪಾಚಿ ಹಿಡಿಯಿತು. ಸೂಟ್‌ಕೇಸಿನಷ್ಟು ಗಾಜು, ಎರಡು ಕಿತ್ತಳೆ ಮೀನು, ಒಂದು ಹಿಡಿ ಹವಳ, ಅಷ್ಟೇ. ಅದಕ್ಕೇ ಕಚೇರಿ ಅಲ್ಲಾಡಿತು. ಜನರ ಅರ್ಜಿಗಳ ಮೇಲೆ ಪಾಚಿ ಬೆಳೆದರೂ ಏಳದ ಕಚೇರಿ ಅದು.

ಬೆಳಿಗ್ಗೆ ಸಭೆಗೆ ಹೊರಟ ಸಾಹೇಬರು ನೌಕರರ ಸಂಘದ ಕಾರ್ಯದರ್ಶಿಯನ್ನು ಕರೆಸಿದರು. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಘೋಷಣೆ’ ಎಂದು. ಅಧಿಕಾರಿಗಳ ಖಾಸಗಿ ಕೆಲಸವನ್ನು ಯಾವ ನೌಕರನೂ ಮುಟ್ಟಕೂಡದು ಎಂದು ಅವನು ಗೇಟಿನೆದುರು ಗಂಟಲು ಹರಿಯುವಂತೆ ಕೂಗಿದ್ದು ಮೊನ್ನೆಯಷ್ಟೇ. ಆ ಗಂಟಲೇ ಇನ್ನೂ ಸರಿಹೋಗಿರಲಿಲ್ಲ.

‘ನಿಮ್ಮ ವರ್ಗಾವಣೆ ವಿಷಯ ಸಂಜೆ ನಾನು ಬಂದ ಮೇಲೆ ಮಾತಾಡೋಣ,’ ಎಂದರು ಸಾಹೇಬರು, ಗಾಜನ್ನೇ ನೋಡುತ್ತ. ‘ಅಷ್ಟರಲ್ಲಿ ಇದನ್ನ ಸ್ವಲ್ಪ ನೋಡಿ. ಹೊಸ ಪಂಪು ತಂದಿಟ್ಟು ಎಷ್ಟು ದಿನ ಆಯ್ತು, ಹಾಕೋರೇ ಇಲ್ಲ.’

ಘೋಷಣೆಯ ಹೆಂಡತಿಗೆ ಕೆಲಸ ಇನ್ನೊಂದೂರಲ್ಲಿ; ಅವನು ವರ್ಗಾವಣೆ ಕೇಳಿದ್ದು ಅಲ್ಲಿಗೇ. ಪುಟ್ಟ ಮಗಳು ಅಪ್ಪ ಎಂದರೆ ಫೋನಿನೊಳಗೆ ವಾಸಿಸುವ ಪ್ರಾಣಿ ಎಂದುಕೊಂಡಿದ್ದಳು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ತೊಟ್ಟಿಯ ಮೀನೂ ಅದನ್ನೇ ಮಾಡುತ್ತಿತ್ತು. ಕೊನೆಗೆ ‘ಆಗ್ಲಿ ಸಾರ್’ ಎಂದ.

ಸಾಹೇಬರು ಹೋದ ಮೇಲೆ ಬಾಗಿಲು ಮುಂದೆ ಮಾಡಿದ. ಇದು ಸಾಹೇಬರ ಚಾಕರಿಯಲ್ಲ, ಮೂಕಪ್ರಾಣಿಗಳ ಪರ ಹೋರಾಟ ಎಂಬ ನಿರ್ಣಯವನ್ನು ತಾನೇ ಮಂಡಿಸಿ, ತಾನೇ ಅನುಮೋದಿಸಿ, ಸರ್ವಾನುಮತದಿಂದ ಅಂಗೀಕರಿಸಿ ತೋಳು ಮಡಚಿದ. ಪ್ಲಾಸ್ಟಿಕ್ ಸ್ಕೇಲಿನಿಂದ ಗಾಜು ಕೆರೆದ. ಗಾಜಿನ ಪಾಚಿಯೆಲ್ಲ ನೀರಿಗಿಳಿದು ತೊಟ್ಟಿ ಹಸಿರು ಬಣ್ಣದ ಡಬ್ಬಿಯಾಯಿತು.

ಹೊಸ ಪಂಪು ಹಾಕಿದರೆ ತಿಳಿಯಾದೀತೆಂದು ಸ್ವಿಚ್ಚು ಒತ್ತಿದ. ಕೆರೆಗೆ ಹಾಕಬೇಕಾದ ಪಂಪನ್ನು ಲೋಟಕ್ಕೆ ಹಾಕಿದಂತಾಯಿತು. ತಳದ ಮರಳೆದ್ದು ಸುಂಟರಗಾಳಿ. ಮೀನುಗಳು ವಾಷಿಂಗ್ ಮೆಷಿನ್ನಿನ ಕಾಲುಚೀಲಗಳಂತೆ ಗಿರಗಿರ ಸುತ್ತಿದವು. ಒಂದು ಚಿಲುಮೆ ಹಾರಿ, ಸದ್ದು ಕೇಳಿ ಬಾಗಿಲು ತಳ್ಳಿದ ಕ್ಯಾಷಿಯರನ ಮುಖಕ್ಕೇ ಹೊಡೆಯಿತು.

ಕ್ಯಾಷಿಯರ್ ಮುಖ ಒರೆಸಿಕೊಂಡು, ‘ಇದು ಯಾವ ಬೇಡಿಕೆಗೆ ಅಣ್ಣಾ?’ ಎಂದ. ಅವನ ಹಿಂದಿದ್ದ ಟೈಪಿಸ್ಟ್ ಅಕ್ಕ ಮುಂದೆ ಬಂದು ಪ್ಲಗ್ಗು ಕಿತ್ತಳು. ಸಾಕುಮೀನು ಮಾರುವ ಅಂಗಡಿಗೆ ಫೋನು ಮಾಡಿ, ಅಂಗಡಿಯವನು ಹೇಳಿದ್ದನ್ನೆಲ್ಲ ಶಾಲೆಯ ಮೇಡಮ್ಮಿನಂತೆ ಬಿಡಿಸಿ ಹೇಳಿದಳು: ಕಿಟಕಿಯ ಬಿಸಿಲು ತಡೆಯಬೇಕು, ದೀಪ ಕಡಿಮೆ ಹೊತ್ತು ಉರಿಸಬೇಕು, ಮೀನಿಗೆ ಕಾಳು ಅಳತೆಯಲ್ಲಿ ಹಾಕಬೇಕು, ಪಂಪಿನ ತಿರುಪು ಕೊನೆಯವರೆಗೆ ತಿರುಗಿಸಿ ರಭಸ ತಗ್ಗಿಸಬೇಕು, ಕೆರೆದ ಪಾಚಿಯನ್ನು ಕೊಳವೆಯಿಂದ ಹೊರಗೆಳೆಯಬೇಕು.

‘ಕೊಳವೆನ ಬಾಯಲ್ಲಿ ಎಳೀಬೇಕಂತೆ,’ ಎಂದಳು ಅಕ್ಕ. ‘ನಿಮ್ಮಷ್ಟು ದೊಡ್ಡ ಬಾಯಿ ನಮಗ್ಯಾರಿಗಿದೆ?’

ಘೋಷಣೆ ಎಳೆದ. ಪಾಚಿ, ಮರಳು, ಅರ್ಧ ಸಮುದ್ರ ಬಾಯಿಗೆ ಬಂತು. ಸಂಘ ಹುಟ್ಟಿದಂದಿನಿಂದ ಕಾರ್ಯದರ್ಶಿಯ ಬಾಯಿ ಕಟ್ಟಿದ್ದು ಅದೇ ಮೊದಲು. ಕ್ಯಾಷಿಯರ್ ಆ ಭಂಗಿಯ ಫೋಟೊ ತೆಗೆದು ಸಂಘದವರಿಗೆಲ್ಲ ಕಳಿಸಿದ. ಊಟದ ಹೊತ್ತಿಗೆ ಬಾಗಿಲಲ್ಲಿ ಸಾಲು ನಿಂತಿತು. ಒಬ್ಬರಾದ ಮೇಲೊಬ್ಬರು ಕ್ರಾಂತಿ ಎಲ್ಲಿಗೆ ಬಂತೆಂದು ವಿಚಾರಿಸಿ ಹೋದರು. ಮಗಳ ಮುಖ ನೆನೆದು ಅವನು ಎಲ್ಲವನ್ನೂ ನುಂಗಿಕೊಂಡ. ಪಾಚಿಯನ್ನೂ. ಹೊರಗೆಳೆದ ನೀರಿನ ಬದಲಿಗೆ, ಸಾಹೇಬರು ಕ್ಯಾನಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರನ್ನು ತೊಟ್ಟಿಗೆ ಲೋಟಲೋಟವಾಗಿ ಸುರಿದು, ರಭಸ ತಗ್ಗಿಸಿ ಪಂಪು ಹಾಕಿದ.

ಸಂಜೆ ಸಾಹೇಬರು ಬಂದಾಗ ತೊಟ್ಟಿ ಕನ್ನಡಿಯಾಗಿತ್ತು. ಮೀನುಗಳು ಗಂಭೀರವಾಗಿ ಓಡಾಡುತ್ತಿದ್ದವು. ಸಾಹೇಬರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

‘ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಕಣ್ರೀ. ಈ ಮನುಷ್ಯನ ಕಾಟ ತಪ್ಪಿದ್ರೆ ಸಾಕು ಅಂತ ಇವತ್ತು ಸಭೆಯಲ್ಲಿ ಕಾಡಿ ಬೇಡಿ, ನಿಮ್ಮ ವರ್ಗಾವಣೆ ಒಪ್ಪಿಸಿಕೊಂಡೇ ಬಂದೆ. ನಾಳೆನೇ ನಿಮ್ಮನ್ನ ಬಿಡೋದು ಅಂತಿತ್ತು.’

ಘೋಷಣೆಯ ಎದೆ ಹೊಸ ಪಂಪಿನಂತೆ ಹೊಡೆದುಕೊಂಡಿತು. ಅಷ್ಟರಲ್ಲಿ ಸಾಹೇಬರು ಫೋನೆತ್ತಿ, ಒಪ್ಪಿಗೆ ಕೊಟ್ಟವರ ಹತ್ತಿರವೇ ನಯವಾಗಿ ಮಾತಾಡಿ, ಆ ಆದೇಶ ಹೊರಡಿಸಬೇಡಿ, ಇವರಿಲ್ಲದೆ ಇಲ್ಲಿ ನಡೆಯುವುದಿಲ್ಲ ಎಂದು ಹೇಳಿ ಮುಗಿಸಿದರು.

‘ಇಂಥೋರನ್ನ ಕಳಿಸೋಕೆ ಮನಸ್ಸು ಬರುತ್ತಾ?’ ಎಂದು ಅವನ ಒದ್ದೆ ಹೆಗಲು ತಟ್ಟಿದರು. ‘ಭಾನುವಾರ ಮನೆಗೆ ಬನ್ನಿ. ಅಲ್ಲಿರೋದು ಇದಕ್ಕಿಂತ ದೊಡ್ಡದು.’