ಟ್ರಾಕ್ಟರಿನ ನಾಡಿ ನೋಡಿದ್ದು

ತಪ್ಪು ಹೇಳಿ ಬೈಸಿಕೊಂಡವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಹಣೆಬರಹ ಬೇರೆ. ನಾನು ಜೀವಮಾನದಲ್ಲಿ ಒಮ್ಮೆ ಸರಿಯಾದದ್ದನ್ನು ಹೇಳಿದೆ. ಅದರ ಸುಸ್ತು ಇನ್ನೂ ಇಳಿದಿಲ್ಲ.

ತೊಂಬತ್ತರ ದಶಕದ ಮಾತು. ನಾವು ಗದಗಿನಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದೆವು. ಮನೆ ಮಾಲೀಕರಾದ ಮುನಿರಾಜಣ್ಣ ಅಲ್ಲಿಯ ಹಳೇ ರೈತರು. ಹೊಲವೆಲ್ಲ ಸೈಟುಗಳಾದ ಮೇಲೂ ಅಪ್ಪನ ಕಾಲದ ಟ್ರಾಕ್ಟರನ್ನು ಬಿಟ್ಟಿರಲಿಲ್ಲ. ಉಳುವುದಕ್ಕೆ ನೆಲವಿಲ್ಲದೆ ಅದು ನೀರಿನ ಟ್ಯಾಂಕರ್ ಎಳೆಯುತ್ತಿತ್ತು. ಬೇಗೂರಿನ ಕಡೆಯಿಂದ ಅದು ನೀರು ತಂದರೆ ನಮ್ಮ ವಠಾರಕ್ಕೆ ಸ್ನಾನ, ಇಲ್ಲದಿದ್ದರೆ ಇಲ್ಲ. ಅದು ಸ್ಟಾರ್ಟ್ ಆಗುವುದೇ ಒಂದು ದೊಡ್ಡ ಗಲಾಟೆ. ಮೊದಲು ಕೆಮ್ಮು, ಆಮೇಲೆ ಹೊಗೆ, ಆಮೇಲೆ ನನ್ನ ಹೆಂಡತಿ ಸುಮಾ ಒಣಹಾಕಿದ ಬಟ್ಟೆ ಬಾಚಿಕೊಂಡು ಓಡುವುದು.

ನಾನು ಬೊಮ್ಮನಹಳ್ಳಿಯ ಒಂದು ಪಿಸ್ಟನ್ ಕಾರ್ಖಾನೆಯಲ್ಲಿದ್ದೆ. ಹಾಜರಿ ವಿಭಾಗದಲ್ಲಿ. ಯಾರು ತಡವಾಗಿ ಬಂದರು, ಯಾರು ಬೇಗ ಜಾರಿಕೊಂಡರು ಎಂದು ಕಾಯುವ ಕೆಲಸ. ಆದರೆ 'ಪಿಸ್ಟನ್' ಎಂಬ ಮಾತು ಕೇಳಿದ ಮೇಲೆ ಮುನಿರಾಜಣ್ಣನವರ ಕಿವಿಗೆ ಮಿಕ್ಕದ್ದು ಬೀಳಲೇ ಇಲ್ಲ.

ನಮ್ಮ ಮಗಳ ನಾಮಕರಣ ಹತ್ತಿರ ಬಂದಿತ್ತು. ಗದಗಿನಿಂದ ಬಸ್ಸು ಮಾಡಿಕೊಂಡು ನೆಂಟರು ಹೊರಡುವವರಿದ್ದರು. "ನೀರಿನ ಚಿಂತೆ ಬಿಡಿ ಸಾರ್, ಹಿಂದಿನ ದಿನಾನೇ ತಂದು ತುಂಬಿಸ್ತೀನಿ" ಎಂದಿದ್ದರು ಮುನಿರಾಜಣ್ಣ. ನಾಮಕರಣಕ್ಕೆ ಎರಡು ದಿನ ಮೊದಲು ಅಂಗಳದಿಂದ ಅವರ ಕೂಗು ಬಂತು. "ಸಾರ್, ಸ್ವಲ್ಪ ಬಂದ್ ನೋಡಿ. ಇತ್ತೀಚೆಗೆ ಏರು ಹತ್ತಲ್ಲ ಅಂತದೆ. ಆಯಿಲ್ ಬೇರೆ ಕುಡೀತದೆ."

ಸುಮಾ ಬಾಗಿಲಲ್ಲೇ ತಡೆದಳು. "ನಿಮಗ್ಯಾಕ ಬೇಕ್ರಿ ಆ ಉಸಾಬರಿ? ಸುಮ್ಮ ಕೂಡ್ರಿ."

ಕೂಡಬಹುದಿತ್ತು. ಆದರೆ ಮನೆ ಮಾಲೀಕರೇ ಅಷ್ಟು ಮರ್ಯಾದೆಯಿಂದ ಕರೆಯುವ ಸುಖ ಬಾಡಿಗೆದಾರನಿಗೆ ಎಷ್ಟು ಸಲ ಸಿಗುತ್ತದೆ ಹೇಳಿ? ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಂಜಿನ್ನುಗಳ ಬಗ್ಗೆ ಕಿವಿಗೆ ಬಿದ್ದದ್ದು ನೆನಪಿತ್ತು. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತೆಗೆಸಿದೆ. ಒಳಗಿಂದ ಪುಸುಪುಸು ಹೊಗೆ ಬಂತು. ಅಂಗೈ ಒಡ್ಡಿದೆ, ಎಣ್ಣೆ ಸಿಡಿಯಿತು. ಸೈಲೆನ್ಸರಿನ ಹೊಗೆ ನೋಡಿದೆ, ನೀಲಿ.

"ಪಿಸ್ಟನ್ ರಿಂಗ್ ಸವೆದಿದೆ. ಆಯಿಲ್ ಮೇಲೆ ಹೋಗಿ ಉರೀತಿದೆ. ಹೀಗೇ ಓಡಿಸಿದ್ರೆ ಒಂದಿನ ಎಂಜಿನ್ ಹಿಡ್ಕೊಂಡು ನಿಂತೇ ಬಿಡುತ್ತೆ," ಎಂದೆ. ಕೊನೆಯ ಮಾತು ಬೇಕಿರಲಿಲ್ಲ. ಗಾಂಭೀರ್ಯಕ್ಕಿರಲಿ ಎಂದು ಸೇರಿಸಿದ್ದು.

ಮುನಿರಾಜಣ್ಣ ತಕ್ಷಣ ಎಂಜಿನ್ ಆರಿಸಿದರು. "ನಮ್ಮಪ್ಪ ಇದನ್ನ ಎತ್ತಿಗಿಂತ ಚೆನ್ನಾಗಿ ಸಾಕಿದ್ರು ಸಾರ್. ರಿಪೇರಿ ಆಗೋಗಂಟ ಇನ್ನ ಮುಟ್ಟಲ್ಲ."

ನಾನು ಅವಸರದಿಂದ ಮಾತು ತಿರುಗಿಸಿದೆ. "ನಾಮಕರಣದ ನೀರು ತಂದ್ಮೇಲೆ ಮಾಡ್ಸಿ ಮುನಿರಾಜಣ್ಣ. ಸವೆದಿರೋದು ಸ್ವಲ್ಪಾನೇ. ಹೊಗೆ ಅಷ್ಟೇನೂ ನೀಲಿ ಇಲ್ಲ."

"ನನ್ ಮನಸ್ಸು ನೋಯಬಾರ್ದು ಅಂತ ಹೇಳ್ತಿದ್ದೀರ, ಬಿಡಿ ಸಾರ್," ಎಂದು ಅವರು ಕಣ್ಣೊರೆಸಿಕೊಂಡರು.

ಮಧ್ಯಾಹ್ನಕ್ಕೆ ಮೆಕ್ಯಾನಿಕ್ ಬಂದು ಎಂಜಿನ್ ಬಿಚ್ಚಿದ. ಅವನಾದರೂ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿ ಕಾಪಾಡಲಿ ಎಂದು ದೇವರಲ್ಲಿ ಬೇಡಿಕೊಂಡೆ. "ಸಾರ್ ಹೇಳಿದ್ದು ಹಂಡ್ರೆಡ್ ಪರ್ಸೆಂಟ್ ಕರೆಕ್ಟು," ಎಂದ ಆ ಪುಣ್ಯಾತ್ಮ. ಎಂಜಿನ್ನಿನ ಭಾಗಗಳೆಲ್ಲ ಗೋಣಿಚೀಲದ ಮೇಲೆ ಅಂಗಳದ ತುಂಬ ಹರಡಿಕೊಂಡವು. ಸುಡುಬೇಸಿಗೆ, ಬೇರೆ ಟ್ಯಾಂಕರಿನವರು ಮುಂದಿನ ವಾರದ ಮಾತಾಡಿದರು. ವಠಾರದವರು ನನ್ನೊಡನೆ ಮಾತಾಡುವುದನ್ನೇ ಬಿಟ್ಟರು.

ನಾಮಕರಣದ ದಿನ ಬೀದಿ ಕೊನೆಯ ಕೈಪಂಪೇ ಗತಿ. ಊರಿನಲ್ಲಿ ಕೊಡ ನೀರಿನಲ್ಲಿ ದಿನ ಕಳೆಯುವ ನಮ್ಮ ನೆಂಟರಿಗೆ ಬೆಂಗಳೂರಿಗೆ ಬಂದ ಕೂಡಲೇ ಅದೇನು ಸೆಕೆ ಹತ್ತಿತೋ, ಮೀಯುತ್ತಲೇ ಇದ್ದರು. ನಾನು ಹೊರುತ್ತಲೇ ಇದ್ದೆ. ಮಾವನವರು ಗೋಣಿಚೀಲದ ಪಕ್ಕ ಕುರ್ಚಿ ಹಾಕಿಕೊಂಡು "ನಮ್ಮ ಅಳಿಯಂದಿರು ಬರೇ ಹೊಗಿ ನೋಡಿ ಹೇಳಿದ್ರು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಒಳಗೆ ತೊಟ್ಟಿಲ ಹಾಡು ಶುರುವಾದಾಗ ನಾನು ಪಂಪಿನ ಸಾಲಿನಲ್ಲಿದ್ದೆ. ಹಾಡು ನಿಂತಾಗಲೂ ಅಲ್ಲೇ ಇದ್ದೆ.

ಎರಡು ಕೊಡ ತುಂಬಿಸಿಕೊಂಡು ಗೇಟಿನ ಹತ್ತಿರ ಬಂದರೆ, ಬಿಳಿ ಪಂಚೆ ಉಟ್ಟು ಊಟಕ್ಕೆ ಬರುತ್ತಿದ್ದ ಮುನಿರಾಜಣ್ಣ ಎದುರಾದರು. "ಏನ್ ಸಾರ್, ಪಾಪೂಗೆ ಏನ್ ಹೆಸರಿಟ್ರಿ?"

ಕೊಡಗಳನ್ನು ಕೆಳಗಿಟ್ಟು ಉಸಿರೆಳೆದುಕೊಂಡೆ. "ಒಳಗೆ ಕೇಳ್ಕೊಂಡ್ ಬಂದು ನನಗೂ ಸ್ವಲ್ಪ ಹೇಳಿ, ಮುನಿರಾಜಣ್ಣ."