ಟವಲಿನ ಕೆಳಗಿನ ಐದು ವರ್ಷ

ನಮ್ಮ ಸೋದರಮಾವ ಬಾಯಿಬಿಟ್ಟು ದರ ಹೇಳಿದ್ದನ್ನು ಕೇಳಿದವರು ಯಾರಾದರೂ ಇದ್ದರೆ ಮುಂದೆ ಬರಲಿ, ಕಾಲಿಗೆ ಬೀಳುತ್ತೇನೆ! ಅಜ್ಜಂಪುರದ ದನದ ದಲ್ಲಾಳಿ ಆತ. ಕೊಳ್ಳುವವನ ಕೈಯನ್ನೂ ತನ್ನ ಕೈಯನ್ನೂ ಟವಲಿನಿಂದ ಮುಚ್ಚಿ, ಒಳಗೊಳಗೇ ಬೆರಳು ಹಿಡಿದು ದರ ಕುದುರಿಸುವುದು ಆ ಕಸುಬಿನ ಪದ್ಧತಿ. ಎರಡು ಬೆರಳು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಪಕ್ಕದಲ್ಲಿ ನಿಂತವರಿಗೆ ಗುಟ್ಟು ತಿಳಿಯಬಾರದು, ಅಷ್ಟೆ. ಎತ್ತಿಗೇನೋ ಸರಿ. ಹೋಟೆಲಿನ ಮಾಣಿ ಇಡ್ಲಿ ಎಷ್ಟು ಬೇಕೆಂದು ಕೇಳಿದರೂ ಟವಲು ಹಾಸಬೇಕೆ? ನನಗೆ ಹೆಣ್ಣು ನೋಡಲು ತರೀಕೆರೆಗೆ ಹೋದಾಗ, ಹುಡುಗಿಯ ವಯಸ್ಸು ಕೇಳಲು ಅವಳ ತಂದೆಯ ಕೈ ಮೇಲೆ ಟವಲು ಹಾಕಿಬಿಟ್ಟ! ಆ ಸಂಬಂಧ ಅಲ್ಲಿಗೇ ಮುರಿಯಿತು.

ಇಂಥ ಮನುಷ್ಯ ಒಂದು ದಿನ ಸೀನಿದ. ಪಕ್ಕೆಲುಬು ಮುರಿಯಿತು. ತಮಾಷೆಯಲ್ಲ, ನಿಜಕ್ಕೂ ಮುರಿಯಿತು! ಬೆನ್ನುನೋವು, ಸುಸ್ತು ಎಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡಿದ್ದ. ನಾನು ಬೀರೂರು ಸ್ಟೇಷನ್ನಿನ ಗುಮಾಸ್ತ. ರೈಲ್ವೆ ನೌಕರಿ ಎಂದಮೇಲೆ ಕೇಳಬೇಕೆ, ನಂಟರ ಕಾಯಿಲೆಗಳೆಲ್ಲ ನನ್ನ ಹೆಗಲಿಗೇ! ಮಾವ, ಅತ್ತೆ, ಮೂತ್ರದ ಬಾಟಲಿ, ಬುತ್ತಿ ಎಲ್ಲವನ್ನೂ ಕಟ್ಟಿಕೊಂಡು ಬೆಂಗಳೂರಿನ ಆಸ್ಪತ್ರೆಗೆ ಅಲೆದಲೆದು ಸಾಕುಸಾಕಾಗಿಹೋಗಿತ್ತು. ಅತ್ತೆಯಂತೂ ಹೆದರಿ ಊಟವನ್ನೇ ಬಿಟ್ಟಿದ್ದಳು.

ಪರೀಕ್ಷೆಗೆಂದು ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚುವಾಗಲೂ ಮಾವ ಸುಮ್ಮನಿರಲಿಲ್ಲ. "ಇಷ್ಟ್ಯಾಕೆ ಕಷ್ಟ ಸ್ವಾಮಿ? ಎತ್ತಿಗೆ ನೋಡೋ ಹಾಗೆ ಹಲ್ಲು ನೋಡಿದ್ರೆ ಸಾಕಿತ್ತಲ್ಲ!"

ಡಾಕ್ಟರು ಮಂಗಳೂರು ಕಡೆಯವರು, ಇನ್ನೂ ಎಳೆಯ ವಯಸ್ಸು. ಇದೊಂದು ಅಪರೂಪದ ರಕ್ತದ ಕ್ಯಾನ್ಸರ್ ಎಂದರು. ರೋಗದ ವಿರುದ್ಧ ಪ್ರತಿಕಾಯ ತಯಾರಿಸಬೇಕಾದ ಕಣಗಳೇ ಕೆಟ್ಟು, ಮೂಳೆಯ ಮಜ್ಜೆಯಲ್ಲೆಲ್ಲ ಬೆಳೆದು, ಮೂಳೆಯನ್ನು ಸವೆಸುತ್ತಿವೆಯಂತೆ.

"ಅಂದ್ರೆ, ನಾನು ಸಾಕಿದ ಹೋರಿನೇ ನನ್ನ ಹಾಯ್ತಾ ಐತೆ ಅನ್ನಿ," ಎಂದ ಮಾವ.

ಅತ್ತೆ ಬಾಯಿಗೆ ಸೆರಗಿಟ್ಟುಕೊಂಡು ಬಾಗಿಲ ಬಳಿ ನಿಂತಿದ್ದಳು. ಮಾವ ಸರ್ರನೆ ಟವಲು ತೆಗೆದು ಡಾಕ್ಟರ ಕೈ ಮೇಲೆ ಹಾಕಿದ. "ಇನ್ನೆಷ್ಟು ವರ್ಷ? ಬಾಯಲ್ಲಿ ಬ್ಯಾಡ, ಒಳಗೇ ಹೇಳಿ."

ನನಗೋ ಎಲ್ಲಿಗಾದರೂ ಓಡಿಹೋಗೋಣ ಅನ್ನಿಸಿತು! ಡಾಕ್ಟರು ಕಕ್ಕಾಬಿಕ್ಕಿಯಾದರು. ಮಾವ ಟವಲು ಎಳೆದು ಹೆಗಲಿಗೆ ಹಾಕಿಕೊಂಡು, ಮುಖವರಳಿಸಿ ಎದ್ದ.

"ಏ ಇವಳೇ, ಐದು ವರ್ಷ ಕಣೇ! ಇಡೀ ಕೈ ಹಿಡಿದ್ರು!"

ಅತ್ತೆ ಅವತ್ತೇ ಆಸ್ಪತ್ರೆ ಮುಂದಿನ ಹೋಟೆಲಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.

ಮಾತ್ರೆ ಬರೆಸಿಕೊಳ್ಳಲು ಹಿಂದೆ ಉಳಿದ ನಾನು ಡಾಕ್ಟರನ್ನು ಕೇಳಿದೆ. "ಅಯ್ಯೋ ಮಾರಾಯ್ರೆ, ಐದು ಅಂತ ನಾನೆಲ್ಲಿ ಹೇಳಿದೆ? ಒಂದು ವರ್ಷ ದಾಟುವುದೇ ಕಷ್ಟ. ಏನು ಹೇಳ್ಬೇಕು ಗೊತ್ತಾಗ್ಲಿಲ್ಲ, ಸುಮ್ಮನೆ ಕೈ ಹಿಡ್ಕೊಂಡೆ," ಎಂದರು.

ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಾವ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ಅತ್ತೆ ಹಾಲು ಕಾಯಿಸಲು ಒಳಗೆ ಹೋದಾಗ ತಡೆಯಲಾರದೆ ಅಂದುಬಿಟ್ಟೆ: "ಮಾವ, ಆ ಡಾಕ್ಟರಿಗೆ ನಿನ್ನ ಬೆರಳ ಲೆಕ್ಕ ಬರ್ತಿರ್ಲಿಲ್ಲ."

"ಅದು ನಂಗೊತ್ತಿಲ್ವೇನೋ ಅಳಿಯ? ಆ ಹುಡುಗನ ಕೈ ನಡುಗ್ತಿತ್ತು. ದರ ಹೇಳೋ ಕೈ ನಡುಗಲ್ಲ ಕಣೋ." ಕಷ್ಟಪಟ್ಟು ಉಸಿರೆಳೆದುಕೊಂಡ. "ಐದು ಅಂದಿದ್ದು ನಾನೇ. ನಿಮ್ಮತ್ತೆ ಅಲ್ಲೇ ನಿಂತಿದ್ಳಲ್ಲ."

ಅಷ್ಟರಲ್ಲಿ ಅತ್ತೆ ಹಾಲು ತಂದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಸಾಕಪ್ಪಾ ಸಾಕು ಎಂದು ಗೊಣಗುತ್ತಿದ್ದವನು ನಾನೇ. ಆ ಐದು ವರ್ಷವೂ ಈ ಮನುಷ್ಯನನ್ನು ರೈಲು ಹತ್ತಿಸಿ ಇಳಿಸುವ ಭಾಗ್ಯ ಸಿಗಬಾರದೇ ಅನ್ನಿಸಿತು.