ಕಿವಿಗೆಂದು ಕೊಟ್ಟ ಮಾತ್ರೆ

ಪಕ್ಕದ ಬೀದಿಯ ಮರದ ಮಿಲ್ಲಿನಲ್ಲಿ ಗರಗಸ ಕಿರ್ರೋ ಎಂದು ಅರಚಿಕೊಳ್ಳುತ್ತಿತ್ತು. ಕಿಟಕಿಯ ಗಾಜು ನಡುಗುತ್ತಿತ್ತು. ವಾಚ್ ರಿಪೇರಿಯವನು ಚಹಾ ಹೀರುತ್ತಾ ಹೇಳಿದ: "ಇವತ್ತು ಎಷ್ಟು ಪ್ರಶಾಂತವಾಗಿದೆ, ಅಲ್ವೇನೇ!"

ಹೆಂಡತಿ ಉತ್ತರಿಸಲಿಲ್ಲ. ಉತ್ತರಿಸಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಟಿಕ್ ಟಿಕ್ ಕೇಳಿಸದವನು ವಾಚಿನ ನಾಡಿ ಹಿಡಿಯುವುದೆಂತು? ಸತ್ತದ್ದನ್ನು ಬದುಕಿದೆಯೆಂದು ಕೊಟ್ಟು, ಬದುಕಿದ್ದನ್ನು ಬಿಚ್ಚಿ ಕೊಂದು, ಗಿರಾಕಿಗಳನ್ನೆಲ್ಲ ಕಳೆದುಕೊಂಡಿದ್ದ. "ಭಾವ, ಅಂಗಡಿ ನನಗೆ ಬಿಟ್ಟುಬಿಡಿ, ಮೊಬೈಲ್ ಕವರ್ ಮಾರ್ತೀನಿ" ಎಂದು ಬಾಮೈದ ಆಗಲೇ ಟೇಪು ಹಿಡಿದು ಗೋಡೆ ಅಳೆದು ಹೋಗಿದ್ದ.

ಅಂಥ ಹೊತ್ತಿನಲ್ಲಿ ಆಸ್ಪತ್ರೆಯವರು ಕಿವುಡಿನ ಹೊಸ ಔಷಧಿಯ ಪ್ರಯೋಗಕ್ಕೆ ಜನ ಬೇಕೆಂದರು. ಇವನು ಎದೆಯುಬ್ಬಿಸಿ ಹೋಗಿ ಸೇರಿಕೊಂಡೇ ಬಂದ.

"ವಿಜ್ಞಾನಕ್ಕೆ ನನ್ನ ಎರಡೂ ಕಿವಿ ಧಾರೆ ಎರೆದಿದ್ದೀನಿ!"

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ಹೆಂಡತಿ ಅವನ ಕಿವಿಗೆ ಬಾಯಿಟ್ಟು ಕೂಗಿದಳು.

"ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿಲ್ಲ. ಆದ್ರೆ ನನ್ನದು ಅಸಲಿ! ನುಂಗೋ ಮೊದಲೇ ಕಿವಿ ನಿಮಿರ್ತಾ ಇದೆ!"

ದಿನವೂ ಊಟವಾದ ಮೇಲೆ ಅವಳೇ ಮಾತ್ರೆ ತಂದುಕೊಡುತ್ತಿದ್ದಳು. ಅವನು ನುಂಗಿ, ಕಣ್ಣು ಮುಚ್ಚಿ, "ಆಹಾ, ಕೇಳಿಸ್ತಿದೆ!" ಎನ್ನುತ್ತಿದ್ದ.

ಆದರೆ ಮನೆಯಲ್ಲಿ ಇನ್ನೇನೋ ನಡೆಯತೊಡಗಿತು. ಫೋನು ಬಡಿದುಕೊಳ್ಳುವ ಮೊದಲೇ ಹೆಂಡತಿ ಅದರತ್ತ ಹೊರಡುತ್ತಿದ್ದಳು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಅಂಗಿ ಹಿಡಿದು ಹಾಗೇ ನಿಂತುಬಿಟ್ಟಳು.

"ರೀ, ಎದುರುಮನೆಗೆ ಬೀಗ ಹಾಕಿದೆಯಲ್ಲ? ಒಳಗೆ ಯಾರೋ ಸೀರೆ ಮಡಿಸ್ತಿದ್ದಾರೆ. ಪಟ್ಟೆ ಸೀರೆ!" ಎಂದು ಕೂಗಿದಳು.

ಅವನು ನಕ್ಕ. ಆದರೆ ನಗು ಅರ್ಧಕ್ಕೇ ಒಣಗಿತು. ಬೀಗದ ಮೇಲೆ ಜೇಡ ಬಲೆ ಕಟ್ಟಿತ್ತು.

ತಪಾಸಣೆಯ ದಿನ ಬಂತು. ಇವನನ್ನು ಶಬ್ದವೇ ಹೊರಬಾರದ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ದಪ್ಪ ಬಾಗಿಲು ಮುಚ್ಚಿದರು. ಸದ್ದು ಕೇಳಿದಾಗ ಬೆರಳೆತ್ತಬೇಕು. ಇವನು ಸಂಗೀತ ಕಛೇರಿಯಲ್ಲಿ ಕುಳಿತವನಂತೆ ತಲೆದೂಗುತ್ತಾ ಮನಸ್ಸಿಗೆ ಬಂದಾಗಲೆಲ್ಲ ಬೆರಳೆತ್ತಿದ. ಒಂದೂ ಸರಿಯಿರಲಿಲ್ಲ.

ಹೊರಗಿನ ಬೆಂಚಿನಲ್ಲಿ ಕುಳಿತಿದ್ದ ಹೆಂಡತಿಯೂ ತನಗರಿವಿಲ್ಲದೆ ಬೆರಳೆತ್ತುತ್ತಿದ್ದಳು. ಒಂದೂ ತಪ್ಪಲಿಲ್ಲ!

ಅದನ್ನು ಕಂಡ ಡಾಕ್ಟರಮ್ಮ ಇವನನ್ನು ಕೋಣೆಯಿಂದ ಹೊರಗೆ ಕರೆತಂದಳು. "ಅಮ್ಮಾ, ನಿಜ ಹೇಳಿ. ಇವರ ಮಾತ್ರೆ ಯಾರು ನುಂಗಿದ್ದು?"

"ನಾನೇ" ಎಂದಳು ಹೆಂಡತಿ, ಸೆರಗು ಹಿಂಡುತ್ತಾ, ಗಂಡನಿಗೂ ಕೇಳುವಷ್ಟು ಗಟ್ಟಿಯಾಗಿ. "ಮನೆಗೆ ಹೊಸದು ಏನೇ ಬರಲಿ, ಮೊದಲು ನಾನು ತಿಂದು ನೋಡಿಯೇ ಇವರಿಗೆ ಕೊಡೋದು. ನನಗೇನೂ ಆಗದಿದ್ರೆ ಕೊಡೋಣ ಅಂತಿದ್ದೆ. ಅಲ್ಲೀವರೆಗೆ ನನ್ನ ಕ್ಯಾಲ್ಸಿಯಂ ಮಾತ್ರೆ ಕೊಟ್ಟೆ."

"ಅಯ್ಯೋ ಪುಣ್ಯಾತ್ಗಿತ್ತೀ! ನನ್ನ ಕಿವಿ ನೀನು ನುಂಗಿದೆಯಲ್ಲೇ!"

ರೋಗಿಯ ಬದಲು ಬೇರೆಯವರು ನುಂಗಿದ ಮೇಲೆ ಅದು ಔಷಧಿಯೋ ಹಿಟ್ಟೋ ಎಂದು ತಿಳಿಯಲೇಬೇಕಲ್ಲ. ಡಾಕ್ಟರಮ್ಮ ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟು ಬಲ್ಲ ಕಚೇರಿಗೆ ಫೋನ್ ಮಾಡಿದಳು. ನಿಧಾನವಾಗಿ ಕೆಳಗಿಟ್ಟಳು.

"ನಿಮಗೆ ಬಂದಿದ್ದು ಬರೀ ಹಿಟ್ಟಿನ ಮಾತ್ರೆ."

ಹೆಂಡತಿ ಡಾಕ್ಟರಮ್ಮನ ಮಣಿಕಟ್ಟಿನತ್ತ ಕತ್ತು ವಾಲಿಸಿದಳು. "ನಿಮ್ಮ ವಾಚು ಕುಂಟ್ತಾ ಇದೆ. ಸಣ್ಣ ಚಕ್ರದ ಒಂದು ಹಲ್ಲು ಸವೆದಿದೆ."

ವಾಚ್ ರಿಪೇರಿಯವನು ಜೇಬಿನಿಂದ ಭೂತಗನ್ನಡಿ ತೆಗೆದು, ವಾಚಿನ ಬೆನ್ನು ಬಿಚ್ಚಿ ನೋಡಿದ. ನಿಜ!

"ಅಂಗಡಿ ಬಿಟ್ಟುಕೊಡೋದು ಬೇಡ ರೀ" ಎಂದು ಹೆಂಡತಿ ಅವನ ಕಿವಿಗೆ ಬಾಯಿಟ್ಟಳು. "ನಾನು ಪಕ್ಕದಲ್ಲಿ ಕೂತು ಕೇಳಿ ಹೇಳ್ತೀನಿ, ನೀವು ರಿಪೇರಿ ಮಾಡಿ."

ಅವನ ಕಣ್ಣು ತುಂಬಿ ಬಂತು. ಅಂಗಡಿ ಉಳಿಯಿತು! ಬಾಮೈದನ ಟೇಪು ಬಾಮೈದನ ಹತ್ತಿರವೇ ಇರಲಿ! ಆಮೇಲೆ, ತುಟಿ ಬಿಗಿದೇ, ಎದೆಯ ಮೂಲೆಯಲ್ಲಿ ಅಂದುಕೊಂಡ: ಮನೆಯಲ್ಲಿ ಇವಳು ಸಾಲದೆಂದು ಇನ್ನು ಅಂಗಡಿಯಲ್ಲೂ ಇವಳೇ!

ಹೆಂಡತಿ ಮೆಲ್ಲನೆ ತಿರುಗಿ ಮತ್ತೆ ಅವನ ಕಿವಿಗೆ ಬಾಗಿದಳು.

"ಅಷ್ಟು ಬೇಸರ ಆಗಿದ್ರೆ ನಾನು ಬರೋದು ಬೇಡ್ವಾ?"



"ನಾನು ಹಾಗೆಲ್ಲಿ ಅಂದೆ? ಅಂದ್ರೆ... ಅಂದಿದ್ದು ಹಾಗಲ್ಲ... ಅಲ್ಲ, ನಾನು ಬಾಯೇ ಬಿಡಲಿಲ್ಲವಲ್ಲೇ!" ಎಂದವನು ಚಪ್ಪಲಿ ಅದಲುಬದಲಾಗಿ ಮೆಟ್ಟಿಕೊಂಡು, ಏನೂ ಯೋಚಿಸಬಾರದೆಂದು ಹಲ್ಲು ಕಚ್ಚಿ, ಉದ್ದನೆಯ ಓಣಿಯಲ್ಲಿ ಬಿರಬಿರನೆ ಹೊರಟ. "ನೀನು ಬಾ, ಖಂಡಿತ ಬಾ, ನಾನು ಮುಂದೆ ಹೋಗಿ ಬಾಗಿಲು ತೆಗೆದಿರ್ತೀನಿ, ನೀನು ಸ್ವಲ್ಪ ದೂರದಿಂದ ಬಾ, ನನ್ನ ಯೋಚನೆ ಕೇಳಿಸದಷ್ಟು ದೂರದಿಂದ!"